ಡಿಮ್ಮರ್ ಭಾಗ್ಯ

ಕೋಲಾರದಲ್ಲಿ ಈಗ ಗೃಹಪ್ರವೇಶಕ್ಕೆ ಹೋದರೆ ಮೊದಲು ದೇವರ ಮನೆ ತೋರಿಸುವುದಿಲ್ಲ. ಹಾಲ್‌ನ ಸೀಲಿಂಗ್ ತೋರಿಸುತ್ತಾರೆ. ದುಡ್ಡು ಸುರಿದು ಎತ್ತರಕ್ಕೆ ಮೋಲ್ಡ್ ಹಾಕಿಸಿ, ಆಮೇಲೆ ಅದರ ಕೆಳಗೆ ಜಿಪ್ಸಮ್ ಬೋರ್ಡಿನ ಇನ್ನೊಂದು ಸೂರು ಕಟ್ಟಿ ಮನೆಯನ್ನು ಕುಳ್ಳಗೆ ಮಾಡಿ, ಆ ಸೂರಿಗೆ ಹತ್ತು ತೂತು ಕೊರೆದು, ತೂತಿಗೊಂದು 50 ವ್ಯಾಟಿನ ಹ್ಯಾಲೊಜೆನ್ ಬಲ್ಬ್ ಕೂರಿಸಿ, ಕೊನೆಗೆ ಬೆಳಕು ಕಣ್ಣಿಗೆ ಹೊಡೆಯುತ್ತೆ ಅಂತ ಗೋಡೆಗೊಂದು ಬೆಳಕು ಕಮ್ಮಿ ಮಾಡುವ ಡಿಮ್ಮರ್ ಹಾಕಿಸುತ್ತಾರೆ. ಹೊಡೆಯೋದಾದ್ರೆ ನಾಲ್ಕು ಬಲ್ಬ್ ಕಮ್ಮಿ ಹಾಕಿಸಬಹುದಿತ್ತಲ್ವಾ ಅಂತ ಬಾಯಿ ತಪ್ಪಿಯೂ ಕೇಳಬೇಡಿ. ನಿಮಗೆ ಮೂಡ್ ಅಂದ್ರೇನು ಗೊತ್ತಿಲ್ಲ ಅಂತಾರೆ.

ಮೂಡನ್ನು ತಿರುಗಿಸಿ ತೋರಿಸುವ ಕಾರ್ಯಕ್ರಮ ಬೇರೆ ಇರುತ್ತದೆ. ಮನೆ ಯಜಮಾನರು ಫ್ಯಾನ್ ರೆಗ್ಯುಲೇಟರಿನಂಥದ್ದೊಂದು ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸುತ್ತಾರೆ. ಬಲ್ಬಿನ ಒಳಗಿನ ತಂತಿ ಬಿಳಿಯಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ಇಳಿಯುತ್ತದೆ. ಗೋಡೆಯಿಂದ ಗುಂಯ್ ಅಂತ ಸಣ್ಣ ಸದ್ದು ಶುರುವಾಗುತ್ತದೆ. 'ಇದು ಗೆಸ್ಟ್ ಮೂಡ್. ಇದು ಡಿನ್ನರ್ ಮೂಡ್. ಇದು ರಿಲ್ಯಾಕ್ಸ್ ಮೂಡ್.' ಅಷ್ಟು ಹೊತ್ತಿಗೆ ಶ್ರೀನಿವಾಸಪುರದ ಕಡೆಯಿಂದ ಬಂದ ಹಿರಿಯರೊಬ್ಬರು ಕೇಳಿಯೇ ಬಿಟ್ಟರು: 'ಯಾಕಪ್ಪಾ, ವೋಲ್ಟೇಜ್ ಬರ್ತಿಲ್ವಾ?'

ಅವರು ಕೇಳಿದ್ದರಲ್ಲಿ ತಪ್ಪೇನಿದೆ? 230 ಇರಬೇಕಾದ ವೋಲ್ಟೇಜ್ 180ಕ್ಕೆ ಇಳಿದರೆ ಇಂಥ ಬಲ್ಬಿನ ಬೆಳಕು ಅರ್ಧಕ್ಕಿಂತ ಕೆಳಗೆ ಬರುತ್ತದೆ. ಬೇಸಿಗೆಯ ಸಂಜೆ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಎದ್ದಾಗ ಹಳ್ಳಿ ಮನೆಯಲ್ಲಿ ತಾನಾಗೇ ಬರುವ ರಿಲ್ಯಾಕ್ಸ್ ಮೂಡ್ ಇದೇ. ಅದಕ್ಕೆ ಯಾರೂ ಕಾಸು ಕೇಳಿರಲಿಲ್ಲ.

ಹಾಗಂತ ನಮ್ಮ ಜಿಲ್ಲೆ ಕರೆಂಟು ಕಾಣದ ಜಿಲ್ಲೆಯೇನಲ್ಲ. ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಕರೆಂಟು ಬಂದಿದ್ದು 1902ರಲ್ಲಿ. ಬೆಂಗಳೂರಿನ ಬೀದಿ ದೀಪ ಹೊತ್ತಿಕೊಂಡಿದ್ದು 1905ರಲ್ಲಿ. ಅವತ್ತು ನೆಲದಡಿಯ ಚಿನ್ನ ತೆಗೆಯೋಕೆ ಅಷ್ಟು ದೂರದಿಂದ ಎಳೆದು ತಂದ ಕರೆಂಟು ಇವತ್ತು ಯಾರದ್ದೋ ಹಾಲ್‌ನಲ್ಲಿ ಪ್ಲಾಸ್ಟಿಕ್ ಗಿಡದ ಮೇಲೆ ಬೀಳುತ್ತಿದೆ.

ಈ ಹ್ಯಾಲೊಜೆನ್ನಿನ ಮಡಿ ಮೈಲಿಗೆ ಬೇರೆ ಕೇಳಬೇಕು ನೀವು. ಗಾಜಿನ ಮುಚ್ಚಳ ಇಲ್ಲದ ಪುಟ್ಟ ಬಲ್ಬನ್ನು ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ಬೆರಳಿನ ಜಿಡ್ಡು ಅಂಟಿದ ಜಾಗ ಮಿತಿಮೀರಿ ಕಾದು ಗಾಜು ಸೀಳಬಹುದು, ಅದಕ್ಕೇ ಬಟ್ಟೆಯಲ್ಲೇ ಹಿಡಿಯಬೇಕು. ಮಡಿಯಲ್ಲಿರುವ ಅಜ್ಜಿಯನ್ನೂ ನಾವು ಇಷ್ಟು ಹುಷಾರಾಗಿ ನೋಡಿಕೊಂಡಿರಲಿಲ್ಲ. ಇನ್ನೂ ಮಜಾ ಏನು ಅಂದ್ರೆ, ಸದಾ ಡಿಮ್ ಮಾಡಿಟ್ಟರೆ ಅದಕ್ಕೆ ಆಗಿಬರುವುದಿಲ್ಲ. ತಂತಿಯಿಂದ ಆವಿಯಾಗಿ ಹೋದ ಟಂಗ್‌ಸ್ಟನ್ ವಾಪಸ್ ತಂತಿಗೇ ಬಂದು ಸೇರಬೇಕಾದರೆ ಗಾಜು ಚೆನ್ನಾಗಿ ಕಾದಿರಬೇಕು. ಕಾಯದಿದ್ದರೆ ಒಳಗೆಲ್ಲ ಕಪ್ಪು ಕಟ್ಟುತ್ತದೆ. ಎಲೆಕ್ಟ್ರಿಷಿಯನ್ ಹುಡುಗ ಇದನ್ನು ಒಂದೇ ಮಾತಲ್ಲಿ ಹೇಳಿ ಹೋದ: 'ಆಗಾಗ ಫುಲ್ ಹಾಕ್ತಾ ಇರಿ ಸಾರ್.' ಅಂದರೆ ಕಮ್ಮಿ ಮಾಡೋಕೆ ಅಂತ ದುಡ್ಡು ಕೊಟ್ಟ ಬೆಳಕನ್ನು ಅದರ ಆರೋಗ್ಯಕ್ಕೋಸ್ಕರ ಮಧ್ಯೆ ಮಧ್ಯೆ ಜಾಸ್ತಿ ಮಾಡುತ್ತಿರಬೇಕು.

ಡಿಮ್ ಮಾಡಿದರೆ ಕರೆಂಟು ಉಳಿಯುತ್ತಲ್ಲ ಅನ್ನೋದು ಯಜಮಾನರ ವಾದ. ಉಳಿಯುತ್ತೆ, ಇಲ್ಲ ಅನ್ನಲ್ಲ. ಆದರೆ ಬೆಳಕು ಓಡಿದ ವೇಗದಲ್ಲಿ ಮೀಟರ್ ಇಳಿಯುವುದಿಲ್ಲ. ಬೆಳಕು ಹತ್ತರಲ್ಲೊಂದು ಪಾಲಿಗೆ ಬಂದಾಗಲೂ ಬಲ್ಬು ಮೂರರಲ್ಲೊಂದು ಪಾಲು ಕರೆಂಟು ಎಳೆಯುತ್ತಲೇ ಇರುತ್ತದೆ. ಉಳಿದಿದ್ದೆಲ್ಲ ಬಿಸಿ. ಆ ಬಿಸಿಗೆ ಎಸಿ ಹಾಕಿಸಿದ್ದಾರೆ. 7 ವ್ಯಾಟಿನ ಎಲ್‌ಇಡಿ ಇದೇ ಕೆಲಸ ಮಾಡುತ್ತೆ, ಯುರೋಪಿನವರೇ 2018ರಲ್ಲಿ ಹೆಚ್ಚಿನ ಹ್ಯಾಲೊಜೆನ್ ಬಲ್ಬುಗಳಿಗೆ ಬಾಗಿಲು ಹಾಕಿದರು ಅಂದ್ರೆ, 'ಎಲ್‌ಇಡಿ ಬೆಳಕಲ್ಲಿ ಕ್ಲಾಸ್ ಇಲ್ಲ ಸಾರ್' ಅಂತಾರೆ. ಎರಡು ಬಲ್ಬ್ ಸುಟ್ಟು ಹೋದಾಗ ಕ್ಲಾಸ್ ಬಿಟ್ಟು ಎಲ್‌ಇಡಿನೇ ಹಾಕಿದರು, ಅದು ಬೇರೆ ಮಾತು. ಡಿಮ್ಮರಿಗೆ ಹೊಂದುವಂಥದ್ದೇ ಕೊಳ್ಳಬೇಕು ಅಂತ ಯಾರೂ ಹೇಳಿರಲಿಲ್ಲ. ಈಗ ಎಂಟು ಬಲ್ಬ್ ರಿಲ್ಯಾಕ್ಸ್ ಆಗಿರುವಾಗ ಎರಡು ಪಟಪಟ ಕಣ್ಣು ಹೊಡೆಯುತ್ತವೆ.

ಇಷ್ಟೂ ಅವರ ಮನೆ, ಅವರ ದುಡ್ಡು ಅಂತ ಸುಮ್ನೆ ಇರಬಹುದಿತ್ತು. ಆದರೆ ಇದೇ ಹಾಲ್‌ನಲ್ಲಿ, ಇದೇ ಬೆಳಕಿನ ಕೆಳಗೆ, ಊಟ ಆದಮೇಲೆ ದೇಶದ ಚರ್ಚೆ ನಡೆಯುತ್ತದೆ. ಬಿಟ್ಟಿ ಭಾಗ್ಯ ಕೊಟ್ಟು ಜನರನ್ನು ಸೋಮಾರಿ ಮಾಡಿದರು, ನಮ್ಮ ಟ್ಯಾಕ್ಸ್ ದುಡ್ಡು ಅಲ್ವಾ, ಟೊಮೆಟೊ ಕೀಳೋಕೆ ಆಳು ಸಿಗಲ್ಲ ಸಾರ್, ಹೀಗೆ. ಹೇಳುತ್ತಿರುವವರು 2023ರಲ್ಲಿ ಮನೆಗೆ ಬಿಟ್ಟಿ ಕರೆಂಟು ಕೊಡುವ ಗೃಹಜ್ಯೋತಿ ಶುರುವಾದಾಗ ಮೊದಲ ವಾರವೇ ಹಳೇ ಮನೆಗೆ ಅರ್ಜಿ ಹಾಕಿದವರು. ಹೊಸ ಮನೆಗೂ ಹಾಕಿದ್ದಾರೆ.

ಅಲ್ಲೇ ಸಿಕ್ಕಿಬಿದ್ದಿದ್ದು. ಹಳೇ ಮನೆಗಾದರೆ 2023ರಲ್ಲಿ ಇಟ್ಟ ಬಿಟ್ಟಿ ಲೆಕ್ಕ ಅದರ ಹಿಂದಿನ ವರ್ಷದ ಸರಾಸರಿ, ಅದರ ಮೇಲೆ ಶೇಕಡ 10, ಗರಿಷ್ಠ 200 ಯೂನಿಟ್. ಲೆಕ್ಕವೇ ಇಲ್ಲದ ಹೊಸ ಮನೆಗೆ 53ರ ಸರಾಸರಿ ಹಿಡಿದು 58 ಯೂನಿಟ್. ಹತ್ತು ಬಲ್ಬ್, 500 ವ್ಯಾಟ್, ಸಂಜೆ ನಾಲ್ಕು ಗಂಟೆ ಉರಿಸಿದರೆ ದಿನಕ್ಕೆ 2 ಯೂನಿಟ್, ತಿಂಗಳಿಗೆ 60. ಮಿಕ್ಸಿ ತಿರುಗುವ ಮೊದಲು, ಫ್ರಿಜ್ಜಿಗೆ ಪ್ಲಗ್ ಹಾಕುವ ಮೊದಲು, ಬರೀ ಮೂಡಿಗೇ ಭಾಗ್ಯ ಖಾಲಿ. ಮೇಲಿನದ್ದಕ್ಕೆಲ್ಲ ಬಿಲ್. ಎಸಿ ಸೇರಿ 200 ದಾಟಿತೋ, ಪೂರ್ತಿ ಬಿಲ್.

ಮೊದಲ ಬಿಲ್ ಬಂದ ದಿನ ಯಜಮಾನರು ಕರೆಂಟ್ ಆಫೀಸಿಗೇ ಹೋಗಿ ಗಲಾಟೆ ಮಾಡಿ ಬಂದರಂತೆ. ಡಿಮ್ ಮಾಡಿ ಉರಿಸಿದ್ದಕ್ಕೆ ಫುಲ್ ರೇಟ್ ಯಾಕೆ ಅಂತ. ಅಲ್ಲಿ ಯಾರೋ, ಮೇಲಿನ ಮನೆಗೆ ಬೇರೆ ಮೀಟರ್ ಇದ್ದರೆ ಲೆಕ್ಕ ಬೇರೆ ಆಗುತ್ತೆ ನೋಡಿ ಅಂತ ಕಿವಿಯಲ್ಲಿ ಹಾಕಿದ್ದಾರೆ. ಈಗ ಎರಡನೇ ಮೀಟರಿಗೆ ಓಡಾಟ ನಡೆದಿದೆ. ಮೇಲಿನ ಮನೆ ಇನ್ನೂ ಕಟ್ಟಿಲ್ಲ. ಮೊದಲು ಮೀಟರ್ ಬರಲಿ, ಆಮೇಲೆ ಕಟ್ಟಿದರಾಯ್ತು ಅಂತಿದ್ದಾರೆ.