ನೀರಿಗಿಳಿಯದ ಅರಿಶಿನ

ಅಂಗಡಿಗಳಲ್ಲಿ ಈಗ ಗ್ರೀನ್ ಟೀ ಪಕ್ಕದಲ್ಲಿಯೇ ಅರಿಶಿನದ ಹರ್ಬಲ್ ಟೀ ಸಾಲುಗಟ್ಟಿ ನಿಂತಿದೆ. ಅರಿಶಿನ-ಶುಂಠಿ, ಅರಿಶಿನ-ತುಳಸಿ, ಅರಿಶಿನ-ನಿಂಬೆಹುಲ್ಲು ಎಂದು ನಾನಾ ಜೋಡಿಗಳು; ಪೆಟ್ಟಿಗೆಯ ಮೇಲೆ ರೋಗನಿರೋಧಕ ಶಕ್ತಿ, ಕೀಲುನೋವು, ಉರಿಯೂತ ಎಂಬ ಮಾತುಗಳು; ಒಳಗೆ ದಾರ ಕಟ್ಟಿದ ಪುಟ್ಟ ಕಾಗದದ ಚೀಲಗಳು. ಈ ಪೇಯದ ರುಚಿ ಹಿಡಿಸಿದವರು ಧಾರಾಳವಾಗಿ ಕುಡಿಯಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಔಷಧವೆಂದು ನಂಬಿ, ಸಾಮಾನ್ಯ ಚಹಾದ ಹಲವು ಪಟ್ಟು ಬೆಲೆ ತೆತ್ತು ಕುಡಿಯುವವರಿಗೆ ಒಂದು ಮಾತು ಹೇಳಬೇಕೆನಿಸುತ್ತದೆ: ಅರಿಶಿನವನ್ನು ಬಳಸುವ ಹಲವು ಕ್ರಮಗಳಲ್ಲಿ ಅದನ್ನು ಚೀಲದಲ್ಲಿ ಕಟ್ಟಿ ಬಿಸಿನೀರಿನಲ್ಲಿ ಅದ್ದುವುದು ಅತ್ಯಂತ ನಿಷ್ಪ್ರಯೋಜಕವಾದ ಕ್ರಮ.

ಕಾರಣ ಸರಳವಾಗಿದೆ. ಅರಿಶಿನದ ಹಳದಿ ಬಣ್ಣಕ್ಕೂ ಅದರ ಬಗ್ಗೆ ನಡೆದಿರುವ ಬಹುಪಾಲು ಸಂಶೋಧನೆಗೂ ಮೂಲವಾದ ಕರ್ಕ್ಯುಮಿನ್ ನೀರಿನಲ್ಲಿ ಬಹುತೇಕ ಕರಗುವುದೇ ಇಲ್ಲ. ಅದು ಕರಗುವುದು ಎಣ್ಣೆ, ತುಪ್ಪ, ಹಾಲಿನ ಕೊಬ್ಬಿನಂಥ ಜಿಡ್ಡಿನಲ್ಲಿ. ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಡ. ಒಂದು ಗಾಜಿನ ಲೋಟದಲ್ಲಿ ಬಿಸಿನೀರು, ಇನ್ನೊಂದರಲ್ಲಿ ಕೆನೆ ತೆಗೆಯದ ಬಿಸಿಹಾಲು ಇಟ್ಟು ಎರಡಕ್ಕೂ ಒಂದೊಂದು ಚಿಟಿಕೆ ಅರಿಶಿನ ಹಾಕಿ ಕದಡಿ, ಸ್ವಲ್ಪ ಹೊತ್ತು ಬಿಟ್ಟು ನೋಡಿ. ನೀರಿನ ಲೋಟದಲ್ಲಿ ಪುಡಿ ತಳಕ್ಕಿಳಿದು ಮೇಲಿನ ನೀರು ತಿಳಿ ಹಳದಿಯಾಗಿ ಉಳಿದಿರುತ್ತದೆ. ಹಾಲಿನ ಲೋಟದಲ್ಲಿ ಬಣ್ಣ ಉದ್ದಕ್ಕೂ ಬೆರೆತಿರುತ್ತದೆ, ಮೇಲೆ ಕಟ್ಟಿದ ಕೆನೆಯಂತೂ ಎಲ್ಲಕ್ಕಿಂತ ಗಾಢವಾದ ಹಳದಿಯಾಗಿರುತ್ತದೆ. ಚಾಮರಾಜನಗರದ ಕಡೆಯ ಬೆಳೆಗಾರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಯೇ ಇಲ್ಲ. ಅಗೆದ ಗಡ್ಡೆಗಳನ್ನು ಅವರು ದೊಡ್ಡ ಕೊಪ್ಪರಿಗೆಗಳಲ್ಲಿ, ಒತ್ತಿದರೆ ಮೆತ್ತಗಾಗುವ ತನಕ ನೀರಿನಲ್ಲಿ ಬೇಯಿಸಿ, ಆಮೇಲೆ ಒಣಗಿಸಿ, ಪಾಲಿಶ್ ಮಾಡಿ ಈರೋಡಿನ ಮಾರುಕಟ್ಟೆಗೆ ಒಯ್ಯುತ್ತಾರೆ. ಗಡ್ಡೆಗೆ ಸಿಪ್ಪೆಯ ರಕ್ಷಣೆ ಇದೆಯೆಂಬುದು ನಿಜ. ಆದರೂ ಅರಿಶಿನದ ಸತ್ವವೆಲ್ಲ ನೀರಿಗೆ ಇಳಿಯುವಂತಿದ್ದರೆ ಬೇಯಿಸಿದ ನೀರನ್ನೇ ಮಾರಿ ಗಡ್ಡೆಯನ್ನು ತಿಪ್ಪೆಗೆ ಹಾಕಬೇಕಾಗುತ್ತಿತ್ತು.

ಇಷ್ಟು ಹೇಳಿದಾಗ ಸಾಮಾನ್ಯವಾಗಿ ಬರುವ ಉತ್ತರ, ‘ಅದಕ್ಕೇ ಅಲ್ಲವೇ ಕಾಳುಮೆಣಸು ಸೇರಿಸುವುದು?’ ಎಂಬುದು. ಈ ಮಾತಿನ ಮೂಲ ನಮ್ಮ ಬೆಂಗಳೂರಿನಲ್ಲಿಯೇ ಇದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆರೋಗ್ಯವಂತ ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಮೆಣಸಿನಲ್ಲಿರುವ ಪಿಪರಿನ್ ಎಂಬ ಅಂಶವನ್ನು 20 ಮಿಲಿಗ್ರಾಂ ಕೊಟ್ಟಾಗ, ಕರ್ಕ್ಯುಮಿನ್ ದೇಹಕ್ಕೆ ದೊರಕುವ ಪ್ರಮಾಣ ಶೇ 2000ರಷ್ಟು ಹೆಚ್ಚಿತು. ಅಂದಿನಿಂದ ಈ ‘ಶೇ 2000’ ಎಲ್ಲ ಪೆಟ್ಟಿಗೆಗಳ ಮೇಲೂ ಸವಾರಿ ಮಾಡುತ್ತಿದೆ. ಆದರೆ ಆ ಅಧ್ಯಯನದ ಪ್ರಮಾಣವನ್ನು ಯಾರೂ ಹೇಳುವುದಿಲ್ಲ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ಶೇ 3ರಷ್ಟು ಎಂದಿಟ್ಟುಕೊಂಡರೆ, 2 ಗ್ರಾಂ ಕರ್ಕ್ಯುಮಿನ್ ಪಡೆಯಲು 65 ಗ್ರಾಂಗಿಂತ ಹೆಚ್ಚು ಪುಡಿ ಬೇಕು. ಚಹಾದ ಚೀಲದಲ್ಲಿ ಅರ್ಧ ಗ್ರಾಂ ಅರಿಶಿನ ಇದೆಯೆಂದರೂ ಅದರಲ್ಲಿರುವುದು ಸುಮಾರು 15 ಮಿಲಿಗ್ರಾಂ ಕರ್ಕ್ಯುಮಿನ್, ಅದರಲ್ಲೂ ಹೆಚ್ಚಿನ ಪಾಲು ಕಾಗದದೊಳಗೇ ಉಳಿದು ಚೀಲದೊಂದಿಗೆ ಕಸದ ಬುಟ್ಟಿ ಸೇರುತ್ತದೆ. ಪಿಪರಿನ್ ಕೂಡ ನೀರಿನಲ್ಲಿ ಸುಲಭವಾಗಿ ಕರಗುವ ಪದಾರ್ಥವಲ್ಲ. ಇಷ್ಟಕ್ಕೂ ಆ ಅಧ್ಯಯನ ಅಳೆದದ್ದು ರಕ್ತ ಸೇರಿದ ಕರ್ಕ್ಯುಮಿನ್‌ ಪ್ರಮಾಣವನ್ನು. ಯಾವ ಕಾಯಿಲೆ ವಾಸಿಯಾಯಿತು ಎಂಬುದನ್ನಲ್ಲ. 2017ರಲ್ಲಿ ‘ಜರ್ನಲ್ ಆಫ್ ಮೆಡಿಸಿನಲ್ ಕೆಮಿಸ್ಟ್ರಿ’ಯಲ್ಲಿ ಬಂದ ವಿಸ್ತೃತ ವಿಮರ್ಶೆಯಂತೂ ಕರ್ಕ್ಯುಮಿನ್ ಒಂದು ಅಸ್ಥಿರ ವಸ್ತು, ಕಟ್ಟುನಿಟ್ಟಾದ ಮಾನವ ಪ್ರಯೋಗಗಳಲ್ಲಿ ಅದು ಗೆದ್ದಿಲ್ಲ ಎಂದು ಖಡಾಖಂಡಿತವಾಗಿ ಹೇಳಿತು.

ನೀರಿಗೆ ಸುಲಭವಾಗಿ ಇಳಿಯುವ ಒಂದು ಅಂಶ ಅರಿಶಿನದಲ್ಲಿ ಇಲ್ಲದಿಲ್ಲ, ಅದು ಮೂತ್ರಪಿಂಡದಲ್ಲಿ ಕಲ್ಲು ಕಟ್ಟಲು ಕಾರಣವಾಗಬಲ್ಲ ಆಕ್ಸಲೇಟ್. 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅರಿಶಿನದ ಆಕ್ಸಲೇಟಿನ ಹತ್ತರಲ್ಲಿ ಒಂಬತ್ತು ಪಾಲು ನೀರಿನಲ್ಲಿ ಕರಗುವಂಥದ್ದೆಂದು ಕಂಡುಬಂದಿತು. ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರು ಆರೋಗ್ಯಕ್ಕೆಂದು ದಿನಕ್ಕೆ ನಾಲ್ಕು ಸಲ ಅರಿಶಿನದ ನೀರು ಕುಡಿಯುವಾಗ ಬೇಕಾದದ್ದನ್ನು ಬಿಟ್ಟು ಬೇಡವಾದದ್ದನ್ನೇ ಸೋಸಿ ಕುಡಿಯುತ್ತಿರುತ್ತಾರೆ.

ಇನ್ನು ಪರಂಪರೆಯ ಮಾತು. ನಮ್ಮ ಮಲೆನಾಡಿನ ಕಷಾಯದ ಪುಡಿಯನ್ನೇ ನೋಡಿ: ಕೊತ್ತಂಬರಿ ಬೀಜ, ಜೀರಿಗೆ, ಕಾಳುಮೆಣಸು, ಬಡೆಸೋಂಪು, ಒಣಶುಂಠಿ, ಏಲಕ್ಕಿ, ಸ್ವಲ್ಪ ಜಾಯಿಕಾಯಿ. ಅರಿಶಿನ ಕೆಲವು ಮನೆಗಳಲ್ಲಿ ಒಂದು ಚಿಟಿಕೆ, ಹಲವು ಮನೆಗಳಲ್ಲಿ ಅದೂ ಇಲ್ಲ. ಕೊನೆಗೆ ಹಾಲು, ಬೆಲ್ಲ. ಕೊರೋನಾ ಕಾಲದಲ್ಲಿ, 2020ರ ಮಾರ್ಚ್ ತಿಂಗಳ ಕೊನೆಯಲ್ಲಿ, ಕೇಂದ್ರದ ಆಯುಷ್ ಸಚಿವಾಲಯ ಕೊಟ್ಟ ಸಲಹೆಯಲ್ಲಿಯೂ ಕಷಾಯಕ್ಕೆ ಹೇಳಿದ್ದು ತುಳಸಿ, ದಾಲ್ಚಿನ್ನಿ, ಕಾಳುಮೆಣಸು, ಒಣಶುಂಠಿ ಮತ್ತು ಒಣದ್ರಾಕ್ಷಿ. ಅರಿಶಿನವನ್ನು ಪ್ರತ್ಯೇಕವಾಗಿ, 150 ಮಿಲಿಲೀಟರ್ ಬಿಸಿಹಾಲಿಗೆ ಅರ್ಧ ಚಮಚ ಎಂದು ಸೂಚಿಸಿತ್ತು. ಯಾವುದನ್ನು ಯಾವುದರಲ್ಲಿ ಬೆರೆಸಬೇಕೆಂಬ ವಿವೇಕ ಅಡುಗೆಮನೆಯಲ್ಲಿ ಮೊದಲಿನಿಂದಲೂ ಇತ್ತು: ಒಗ್ಗರಣೆಯಲ್ಲಿ ಎಣ್ಣೆಯ ಜೊತೆ, ಕೆಮ್ಮಿಗೆ ಹಾಲಿನ ಜೊತೆ, ಕಡುಬು ಸುತ್ತಲು ಅದರ ಎಲೆ. ಚೀಲದ ಚಹಾ ಈ ಸಾಲಿಗೆ ಸೇರುವುದಿಲ್ಲ.

ಇದೇ ಚರ್ಚೆಯಲ್ಲಿ ‘ಅರಿಶಿನಕ್ಕಾಗಿ ಅಮೆರಿಕದ ಜೊತೆಯೇ ಹೋರಾಡಿ ಗೆದ್ದೆವಲ್ಲ’ ಎಂಬ ವಾದವೂ ಬರುತ್ತದೆ. ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ 1995ರಲ್ಲಿ ದೊರೆತ, ಆ ಹೋರಾಟಕ್ಕೆ ಕಾರಣವಾದ ಪೇಟೆಂಟ್ ಅರಿಶಿನದಿಂದ ಗಾಯ ಮಾಯಿಸುವ ಬಳಕೆಗೆ ಸಂಬಂಧಿಸಿತ್ತು. ಆರ್.ಎ. ಮಾಶೇಲ್ಕರ್ ನೇತೃತ್ವದಲ್ಲಿ ಕೇಂದ್ರದ ವಿಜ್ಞಾನ ಸಂಶೋಧನಾ ಮಂಡಳಿಯಾದ ಸಿಎಸ್‌ಐಆರ್ ಸಂಸ್ಥೆ ಹಳೆಯ ಗ್ರಂಥಗಳ ಆಧಾರ ಒದಗಿಸಿ ಪ್ರಶ್ನಿಸಿದ್ದರಿಂದ 1997ರಲ್ಲಿ ಅದು ರದ್ದಾಯಿತು. ಆ ಬಳಕೆ ಹೊಸದಲ್ಲ ಎಂಬುದಷ್ಟೇ ಅಲ್ಲಿ ಸಾಬೀತಾದ ಸಂಗತಿ. ಗುಣ ಎಷ್ಟೆಂಬುದನ್ನು ಪೇಟೆಂಟ್ ಕಚೇರಿ ತೂಗಲಿಲ್ಲ. ಹೆಮ್ಮೆ ಪಡುವುದಕ್ಕೆ ಅದು ತಕ್ಕ ಕಾರಣ, ಚಹಾ ಕೊಳ್ಳುವುದಕ್ಕೆ ಅಲ್ಲ.

ನಾನು ಅರಿಶಿನವನ್ನು ಬಿಸಿ ಪೇಯದಲ್ಲಿ ಬಳಸುವುದು ಅದರ ಮಣ್ಣಿನ ವಾಸನೆ ಬೆರೆತ ಸಣ್ಣ ಒಗರಿಗಾಗಿ. ಹಸಿ ಅರಿಶಿನ ಸಿಗುವ ದಿನಗಳಲ್ಲಿ ಕಿರುಬೆರಳಿನ ಗೆಣ್ಣಿನಷ್ಟು ತುಂಡನ್ನು ನಾಲ್ಕು ಮೆಣಸಿನಕಾಳಿನ ಜೊತೆ ಕುಟ್ಟಾಣಿಯಲ್ಲಿ ಜಜ್ಜಿ, ಅರ್ಧ ಲೋಟ ನೀರಿನಲ್ಲಿ ಒಂದು ಕುದಿ ಬರಿಸಿ, ಗಟ್ಟಿಹಾಲು ಹೊಯ್ದು ಇನ್ನಷ್ಟು ಹೊತ್ತು ಕುದಿಸುತ್ತೇನೆ. ಬೆಲ್ಲ ಹಾಕುವುದು ಒಲೆಯಿಂದ ಇಳಿಸಿದ ಮೇಲೆ, ಇಲ್ಲವಾದರೆ ಹಾಲು ಒಡೆಯುವ ಭಯ. ಸೋಸುವುದಿಲ್ಲ, ಜಜ್ಜಿದ ಚೂರುಗಳನ್ನು ಅಗಿದು ನುಂಗುತ್ತೇನೆ. ಜಾವಾದವರು ಹಸಿ ಅರಿಶಿನವನ್ನು ಹುಣಿಸೆಹಣ್ಣು ಮತ್ತು ತಾಳೆಬೆಲ್ಲದೊಂದಿಗೆ ಕುದಿಸಿ ಮಾಡುವ ‘ಕುನ್ಯಿತ್ ಆಸಮ್’ ಎಂಬ ಪಾನಕವೂ ರುಚಿಯ ದೃಷ್ಟಿಯಿಂದ ಒಳ್ಳೆಯದೇ. ಹಾಲು ಒಗ್ಗದವರು ಅದನ್ನು ಪ್ರಯತ್ನಿಸಬಹುದು.

ಚಹಾದಿಂದ ಫಲವಿಲ್ಲವೆಂದು ಕರ್ಕ್ಯುಮಿನ್ ಮಾತ್ರೆಗಳ ಕಡೆಗೆ ಹೊರಳುವವರಿಗೆ ಮಾತ್ರ ನನ್ನ ವಿರೋಧ ಹೆಚ್ಚು. ಚಹಾದ ಅರಿಶಿನ ಬಹುಪಾಲು ಜನರಿಗೆ ಕನಿಷ್ಠ ನಿರುಪದ್ರವಿ. ಸಾಂದ್ರ ಮಾತ್ರೆಗಳನ್ನು ಸೇವಿಸಿ ಯಕೃತ್ತಿಗೆ ಪೆಟ್ಟಾದ ಹತ್ತು ಪ್ರಕರಣಗಳನ್ನು ಅಮೆರಿಕದ ವೈದ್ಯರು 2022ರಲ್ಲಿ ವರದಿ ಮಾಡಿದರು. ಅವರಲ್ಲಿ ಒಬ್ಬರು ತೀರಿಕೊಂಡರು, ಕೆಲವು ಮಾತ್ರೆಗಳಲ್ಲಿ ಪಿಪರಿನ್ ಕೂಡ ಇತ್ತು. ರಕ್ತ ತೆಳುವಾಗಿಸುವ ವಾರ್ಫರಿನ್‌ನಂಥ ಔಷಧ ತೆಗೆದುಕೊಳ್ಳುವವರು ಮತ್ತು ಪಿತ್ತಕೋಶದಲ್ಲಿ ಕಲ್ಲಿರುವವರು ವೈದ್ಯರನ್ನು ಕೇಳದೆ ಇವುಗಳ ಗೊಡವೆಗೆ ಹೋಗಬಾರದು.

ಪುಡಿಯ ಶುದ್ಧತೆಯ ಪ್ರಶ್ನೆ ಇದಕ್ಕಿಂತ ದೊಡ್ಡದು. ಹೊಳಪಿಗಾಗಿ ಅರಿಶಿನಕ್ಕೆ ಲೆಡ್ ಕ್ರೋಮೇಟ್ ಎಂಬ, ಸೀಸವಿರುವ ಹಳದಿ ಬಣ್ಣ ಬಳಿಯುವ ದಂಧೆ ಬಾಂಗ್ಲಾದೇಶದಲ್ಲಿ 2019ರ ಹೊತ್ತಿಗೆ ಬಯಲಾಗಿ, ಅಲ್ಲಿನ ಸರ್ಕಾರ ಬಿಗಿ ಕ್ರಮ ಕೈಗೊಂಡಿತು. 2024ರಲ್ಲಿ ಪ್ರಕಟವಾದ ದಕ್ಷಿಣ ಏಷ್ಯಾದ ಸಮೀಕ್ಷೆಯೊಂದರಲ್ಲಿ ಅತಿ ಹೆಚ್ಚು ಸೀಸ ಪತ್ತೆಯಾದದ್ದು ಪಟ್ನಾದ ಮಾದರಿಯಲ್ಲಿ. ಆದ್ದರಿಂದ ನಾನು ಒಣಗಿದ ಕೊಂಬನ್ನೇ ಕೊಳ್ಳುತ್ತೇನೆ. ಅಂಗೈಗೆ ಉಜ್ಜಿದಾಗ ಬಣ್ಣ ಮೆತ್ತಿಕೊಳ್ಳುವಷ್ಟು ಥಳಥಳಿಸುವ ಕೊಂಬನ್ನು ಅಂಗಡಿಯಲ್ಲಿಯೇ ಬಿಟ್ಟು, ಮಂಕಾಗಿರುವುದನ್ನು ಆರಿಸಿ, ತೊಳೆದು ಒಣಗಿಸಿ ಗಿರಣಿಗೆ ಕೊಡುತ್ತೇನೆ. ಕಾಗದದ ಚೀಲದೊಳಗೆ ಹೊಲಿದಿಟ್ಟ ಪುಡಿಯನ್ನು ಹೀಗೆ ನೋಡಿ ಆರಿಸಲು ಸಾಧ್ಯವಿಲ್ಲ. ಪ್ರತಿ ಚೀಲದಲ್ಲಿ ಅರಿಶಿನ ಎಷ್ಟು ಗ್ರಾಂ ಇದೆ, ಆ ಅರಿಶಿನವನ್ನು ಸೀಸಕ್ಕಾಗಿ ಪರೀಕ್ಷಿಸಿದಾಗ ಬಂದ ಫಲಿತಾಂಶವೇನು ಎಂಬ ಎರಡು ಸಾಲುಗಳನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕುವಂತೆ ತಯಾರಕರನ್ನು ನಾವು ಕೇಳಬಹುದು. ಉರಿಯೂತದ ಬಗ್ಗೆ ಬರೆಯಲು ಜಾಗವಿರುವ ಪೆಟ್ಟಿಗೆಯಲ್ಲಿ ಇವಕ್ಕೂ ಜಾಗ ಇದ್ದೇ ಇದೆ.