ಐದು ನಿಮಿಷ ಕಾಯಲಾಗದ ಇಕ್ಕಳ

"ಏನೂ ಆಗುವುದಿಲ್ಲ ಪುಟ್ಟಿ, ಇರುವೆ ಕಚ್ಚಿದ ಹಾಗೆ ಅಷ್ಟೇ." ಆರು ವರ್ಷದ ಮಗಳ ಕೆಳದವಡೆಯ ಹುಳುಕು ಹಲ್ಲು ಕೀಳಿಸಲು ಹೋದಾಗ ದಂತವೈದ್ಯರು ಹೇಳಿದ ಮಾತಿದು. ಇಂಜೆಕ್ಷನ್ ಕೊಟ್ಟು ಒಂದು ನಿಮಿಷವೂ ಕಳೆದಿರಲಿಲ್ಲ, ಇಕ್ಕಳ ಬಾಯಿಗೆ ಬಂದಿತ್ತು. ಮಗು ಚೀರಿತು. "ಅದು ನೋವಲ್ಲ, ಒತ್ತಡ" ಎಂದರು. ಅವಳ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದವಳು ನಾನೇ. ಇವತ್ತಿಗೂ ಅದಕ್ಕಾಗಿ ನನ್ನ ಮೇಲೆ ನನಗೆ ಸಿಟ್ಟಿದೆ.

ಒತ್ತಡದ ಮಾತು ಪೂರ್ತಿ ಸುಳ್ಳೇನಲ್ಲ. ಇಂಜೆಕ್ಷನ್ನಿನಲ್ಲಿ ಕೊಡುವ ಮರಗಟ್ಟಿಸುವ ಔಷಧ ಲಿಡೋಕೇನ್ ನೋವನ್ನು ತಡೆದರೂ ಹಲ್ಲನ್ನು ನೂಕಿದ, ಅಲುಗಾಡಿಸಿದ ಅರಿವು ಉಳಿಯುತ್ತದೆ. ಆದರೆ ಅದನ್ನು ಮಗುವಿಗೆ ಮೊದಲೇ ಹೇಳಬೇಕು, ಚೀರಿದ ಮೇಲೆ ಸಮಜಾಯಿಷಿಯಾಗಿ ಅಲ್ಲ. ಮೇಲಾಗಿ ಆ ಹಲ್ಲಿನ ಬುಡದಲ್ಲಿ ಕೀವಿತ್ತು. ಕೀವು ತುಂಬಿದ ಕಡೆ ಆಮ್ಲೀಯತೆ ಹೆಚ್ಚು. ಔಷಧ ನರದೊಳಗೆ ಸರಿಯಾಗಿ ಇಳಿಯುವುದಿಲ್ಲ. ಅಂಥ ಹಲ್ಲಿಗೇ ಅಷ್ಟೊಂದು ಆತುರ!

ಮರುವರ್ಷ ಇನ್ನೊಂದು ಹಲ್ಲಿಗೆ ಬೇರೊಬ್ಬ ವೈದ್ಯೆಯ ಬಳಿ ಹೋದೆವು. ಅವರು ಮೊದಲು ನೋಡಿದ್ದು ಮಗುವಿನ ತೂಕ. ಹಲ್ಲಿಗೂ ತೂಕಕ್ಕೂ ಏನು ಸಂಬಂಧ ಎಂದು ಕೇಳಿದೆ. ಔಷಧದ ಮಿತಿ ತೂಕದ ಮೇಲೆ ನಿಂತಿದೆಯಂತೆ: ಮಕ್ಕಳಿಗೆ ಸಾಮಾನ್ಯವಾಗಿ ಪಾಲಿಸುವ ಮಿತಿ ಕಿಲೋಗೆ 4.4 ಮಿಲಿಗ್ರಾಂ ಲಿಡೋಕೇನ್. ಸಿರಿಂಜಿಗೆ ಹಾಕುವ 1.8 ಮಿಲಿಲೀಟರಿನ ಒಂದು ಔಷಧದ ಕೊಳವೆಯಲ್ಲೇ (ಕಾರ್ಟ್ರಿಜ್) 36 ಮಿಲಿಗ್ರಾಂ ಇರುತ್ತದೆ. ಇಪ್ಪತ್ತು ಕಿಲೋದ ನನ್ನ ಮಗಳಿಗೆ ಎರಡೂವರೆ ಕಾರ್ಟ್ರಿಜ್ ಕೂಡ ಸಲ್ಲದು. "ಇನ್ನೊಂದು ಚುಚ್ಚಿಬಿಡಿ ಡಾಕ್ಟರೇ" ಎಂದು ದುಂಬಾಲು ಬೀಳುವ ನನ್ನಂಥ ತಾಯಂದಿರಿಗೆ ಇದು ಗೊತ್ತಿರುವುದು ಒಳ್ಳೆಯದು.

ಆಮೇಲೆ ಹತ್ತಿಯಿಂದ ಒಸಡು ಒರೆಸಿ, ಜೆಲ್ ಹಚ್ಚಿ, ಎರಡು ನಿಮಿಷ ಸುಮ್ಮನೆ ಕುಳಿತರು. (ಒದ್ದೆ ಒಸಡಿಗೆ ಹಚ್ಚಿದರೆ ಜೆಲ್ ಎಂಜಲಿನಲ್ಲಿ ಹರಿದು ನಾಲಿಗೆ ಮರಗಟ್ಟುತ್ತದೆ, ಒಸಡು ಹಾಗೇ ಇರುತ್ತದೆ.) ಜೆಲ್ಲಿನಿಂದ ಮರಗಟ್ಟುವುದು ಮೇಲ್ಪದರವಷ್ಟೇ, ಸೂಜಿಯ ಮೊದಲ ಚುಚ್ಚು ತಿಳಿಯದಿದ್ದರೆ ಸಾಕು. ಕೆನ್ನೆಯನ್ನು ಬಿಗಿಯಾಗಿ ಎಳೆದು ಹಿಡಿದು, ಔಷಧವನ್ನು ಹನಿಹನಿಯಾಗಿ, ಒಂದು ಮಿಲಿಲೀಟರಿಗೆ ನಿಮಿಷದ ಲೆಕ್ಕದಲ್ಲಿ ಬಿಟ್ಟರು. ರಭಸದಿಂದ ನುಗ್ಗುವ ಔಷಧವೇ ಸೂಜಿಗಿಂತ ಹೆಚ್ಚು ನೋಯಿಸುತ್ತದಂತೆ. ಮತ್ತೆ ಕಾದರು. "ತುಟಿ ದಪ್ಪ ಆಯಿತಾ?" ಎಂದು ಕೇಳಿದರು. ಒಸಡನ್ನು ಮೊನೆಯಿಂದ ಮುಟ್ಟಿ ನೋಡಿದರು. ಎಡಗೈ ಎತ್ತಿದರೆ ನಿಲ್ಲಿಸುತ್ತೇನೆ ಎಂದರು. ಅವಳು ಪರೀಕ್ಷೆ ಮಾಡಲೆಂದೇ ಒಮ್ಮೆ ಎತ್ತಿದಳು, ನಿಲ್ಲಿಸಿಯೂಬಿಟ್ಟರು.

ಏನೂ ಆಗಲಿಲ್ಲ ಎಂದರೆ ಸುಳ್ಳಾದೀತು. ಮುಖ ಕಿವುಚಿದಳು. ಅಳಲಿಲ್ಲ.

ಮೊದಲ ಸಲ ಮನೆಗೆ ಬಂದವಳು ಮರಗಟ್ಟಿದ ತುಟಿಯನ್ನು ಆಟದ ಸಾಮಾನಿನಂತೆ ಜಗಿದು, ಮರುದಿನ ಅದು ಊದಿ ಬೆಳ್ಳಗಾಗಿತ್ತು. ಈ ವೈದ್ಯೆ ಅದನ್ನೂ ಮುಂಚೆಯೇ ಹೇಳಿ ಕಳಿಸಿದರು: ಎರಡು ಮೂರು ಗಂಟೆ ಜೋಮು ಇರುತ್ತದೆ, ಅಲ್ಲಿಯವರೆಗೆ ಊಟ ಬೇಡ, ಬಾಯಿಯ ಮೇಲೆ ಕಣ್ಣಿರಲಿ. ಅವಳು ಮಾತ್ರ ಆ ಸಂಜೆಯೆಲ್ಲ ಕನ್ನಡಿಯ ಮುಂದೆ ನಿಂತು, ಒಂದು ಕಡೆಗೇ ಓಡುವ ತನ್ನ ನಗುವನ್ನು ನೋಡಿ ನಗುತ್ತಿದ್ದಳು.