ಪುಟದ ಶೀರ್ಷಿಕೆಯಲ್ಲಿ ವಿಷಯ ಮೊದಲು ಬರಲಿ

ಕಳೆದ ಮಳೆಗಾಲದಲ್ಲಿ ಅಡಿಕೆ ತೋಟಕ್ಕೆ ಔಷಧಿ ಹೊಡೆಸುವ ಮುನ್ನ ಬೋರ್ಡೋ ದ್ರಾವಣದ ಪ್ರಮಾಣವನ್ನು ಇನ್ನೊಮ್ಮೆ ಖಚಿತಪಡಿಸಿಕೊಳ್ಳೋಣವೆಂದು ಮೊಬೈಲಿನಲ್ಲಿ ನಾಲ್ಕೈದು ಪುಟಗಳನ್ನು ತೆರೆದಿಟ್ಟಿದ್ದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಒಂದರ ಮೇಲೆ ‘ಮುಖಪುಟ’ ಎಂದಷ್ಟೇ ಇತ್ತು. ಇನ್ನೆರಡರ ಮೇಲೆ ಸಂಸ್ಥೆಯ ಉದ್ದನೆಯ ಹೆಸರು ಅರ್ಧಕ್ಕೇ ತುಂಡಾಗಿತ್ತು. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಎಂಬ ವಿವರ ಅವುಗಳಲ್ಲೊಂದರ ಒಳಗೇ ಇತ್ತು. ಅಷ್ಟು ಶ್ರಮವಹಿಸಿ ಬರೆದವರು ಶೀರ್ಷಿಕೆಗೆ ಇನ್ನೆರಡು ನಿಮಿಷ ಕೊಟ್ಟಿದ್ದರೆ ನಾನು ಎಲ್ಲವನ್ನೂ ಮತ್ತೆ ತೆರೆದು ಹುಡುಕಬೇಕಿರಲಿಲ್ಲ.

ನಾನು ಹೇಳುತ್ತಿರುವುದು ಪುಟದೊಳಗೆ ದಪ್ಪಕ್ಷರದಲ್ಲಿ ಕಾಣುವ ತಲೆಬರಹದ ಬಗ್ಗೆ ಅಲ್ಲ. ಪುಟವನ್ನು ರಚಿಸುವ ಎಚ್‌ಟಿಎಂಎಲ್ ಕಡತದಲ್ಲಿ ‘ಟೈಟಲ್’ ಎಂದು ಬರೆಯುವ ಸಾಲೊಂದಿದೆ. ಬ್ರೌಸರಿನ ಟ್ಯಾಬಿನಲ್ಲಿ, ಬುಕ್‌ಮಾರ್ಕಿನಲ್ಲಿ, ಸಾಮಾನ್ಯವಾಗಿ ಗೂಗಲ್ ಫಲಿತಾಂಶದಲ್ಲಿಯೂ ಕಾಣುವುದು ಅದೇ. ಅಂಧರು ಬಳಸುವ ಸ್ಕ್ರೀನ್ ರೀಡರ್ ಪುಟ ತೆರೆದೊಡನೆ ಓದಿ ಹೇಳುವುದೂ ಅದನ್ನೇ. ಆದ್ದರಿಂದಲೇ ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಸುಗಮ್ಯತೆಯ, ಅಂದರೆ ಅಂಗವಿಕಲರೂ ಜಾಲತಾಣಗಳನ್ನು ಬಳಸುವಂತಾಗಬೇಕೆಂಬ, ಮಾರ್ಗಸೂಚಿಯಲ್ಲಿ, ಪುಟದ ವಿಷಯವನ್ನೋ ಉದ್ದೇಶವನ್ನೋ ತಿಳಿಸುವ ಶೀರ್ಷಿಕೆಯನ್ನು ‘ಎ’ ದರ್ಜೆಯ, ಅಂದರೆ ಕನಿಷ್ಠ ಮಟ್ಟದ ಅಗತ್ಯವೆಂದು ಪರಿಗಣಿಸಲಾಗಿದೆ.

ಕನ್ನಡದಲ್ಲಿ ಶೀರ್ಷಿಕೆ ಬರೆಯುವವರಿಗೆ ಒಂದು ವಿಶೇಷ ತೊಡಕಿದೆ. ನಮ್ಮ ವಾಕ್ಯರಚನೆಯಲ್ಲಿ ವಿಶೇಷಣಗಳೆಲ್ಲ ಮುಂದೆ ಬಂದು ಮುಖ್ಯ ನಾಮಪದ ಕೊನೆಗೆ ನಿಲ್ಲುತ್ತದೆ. ‘ಮಳೆಗಾಲದಲ್ಲಿ ಅಡಿಕೆ ಬೆಳೆಯನ್ನು ಬಾಧಿಸುವ ಕೊಳೆರೋಗದ ಹತೋಟಿಗೆ ಬೋರ್ಡೋ ದ್ರಾವಣ ತಯಾರಿಸುವ ವಿಧಾನ’ ಎಂಬ ಶೀರ್ಷಿಕೆ ವ್ಯಾಕರಣದ ದೃಷ್ಟಿಯಿಂದ ಸರಿಯಾಗಿದ್ದರೂ, ಮೊಬೈಲಿನಲ್ಲಿ ‘ಬಾಧಿಸುವ’ ಎಂಬಲ್ಲಿಗೆ ತುಂಡಾದರೆ ಓದುಗನಿಗೆ ರೋಗದ ಹೆಸರೂ ಸಿಗುವುದಿಲ್ಲ, ಔಷಧಿಯ ಹೆಸರೂ ಸಿಗುವುದಿಲ್ಲ. ‘ಬೋರ್ಡೋ ದ್ರಾವಣ ತಯಾರಿಕೆ: ಅಡಿಕೆ ಕೊಳೆರೋಗಕ್ಕೆ ಶೇ 1ರ ಪ್ರಮಾಣ’ ಎಂದು ಬರೆದರೆ ಎಲ್ಲಿ ತುಂಡಾದರೂ ಮೊದಲೆರಡು ಪದಗಳು ಉಳಿಯುತ್ತವೆ. ಸಂಸ್ಥೆಯ ಹೆಸರು ಅದರ ನಂತರ ಬರಲಿ. ಅದು ಮೊದಲು ಬರಬೇಕಾದದ್ದು ಮುಖಪುಟದಲ್ಲಿ ಮಾತ್ರ.

ಶೀರ್ಷಿಕೆ 60 ಅಕ್ಷರ ಮೀರಬಾರದೆಂದು ಹಲವರು ಹೇಳುತ್ತಾರೆ. ಗೂಗಲ್ ಅಂಥ ಮಿತಿಯನ್ನೇನೂ ವಿಧಿಸಿಲ್ಲ. ತೆರೆಯ ಅಗಲ ನೋಡಿಕೊಂಡು ಕತ್ತರಿಸುತ್ತದೆ. ಮೇಲಾಗಿ ನಮ್ಮ ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರವಾದರೂ ಯುನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಸಂಕೇತ ಕೊಡುವ ಪದ್ಧತಿ) ಲೆಕ್ಕದಲ್ಲಿ ಆರು ಸಂಕೇತಗಳಾಗುವುದರಿಂದ, ಇಂಗ್ಲಿಷಿಗೆಂದು ಮಾಡಿದ ಎಣಿಕೆಯನ್ನು ನಂಬುವುದಕ್ಕಿಂತ ಸಣ್ಣ ಫೋನೊಂದರಲ್ಲಿ ತೆರೆದು ನೋಡುವುದೇ ಮೇಲು.

ಪೂರ್ತಿ ಕನ್ನಡದಲ್ಲಿರುವ ಪುಟಕ್ಕೆ ಇಂಗ್ಲಿಷ್ ಶೀರ್ಷಿಕೆ ಇಡುವ ರೂಢಿ ನನಗೆ ನಿಜಕ್ಕೂ ನೋವುಂಟುಮಾಡುತ್ತದೆ. ಯುನಿಕೋಡ್ ಬರುವ ಮುಂಚಿನ ಫಾಂಟುಗಳ ಕಾಲದಲ್ಲಿ ಅದು ಅನಿವಾರ್ಯವಾಗಿತ್ತು. ಪುಟದ ಫಾಂಟು ಟ್ಯಾಬಿಗೆ ಅನ್ವಯಿಸದ ಕಾರಣ ಅಲ್ಲಿ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಿಸುತ್ತಿದ್ದವು. ಆ ಅಡಚಣೆ ನಿವಾರಣೆಯಾಗಿ ವರ್ಷಗಳೇ ಕಳೆದಿವೆ, ರೂಢಿ ಮಾತ್ರ ಹಾಗೆಯೇ ಉಳಿದಿದೆ.

ಹಾಗೆಂದು ಸಂಬಂಧಪಟ್ಟ ಪದಗಳನ್ನೆಲ್ಲ ಶೀರ್ಷಿಕೆಗೆ ತುರುಕಬಾರದು. ಒಂದೇ ಪದವನ್ನು ಮತ್ತೆ ಮತ್ತೆ ಬರೆದ ಅಥವಾ ಎಲ್ಲ ಪುಟಗಳಿಗೂ ಒಂದೇ ಆಗಿರುವ ಶೀರ್ಷಿಕೆಯನ್ನು ಗೂಗಲ್ ಬದಿಗಿಟ್ಟು ಪುಟದ ತಲೆಬರಹದಿಂದಲೋ ಬೇರೆಡೆಯಿಂದಲೋ ತಾನೇ ಒಂದನ್ನು ಆರಿಸಿ ತೋರಿಸಬಹುದು.

ಜಾಲತಾಣ ನಡೆಸುವ ಸ್ನೇಹಿತರು ಇಂದು ರಾತ್ರಿ ತಮ್ಮದೇ ತಾಣದ ಹತ್ತು ಪುಟಗಳನ್ನು ಹತ್ತು ಟ್ಯಾಬುಗಳಲ್ಲಿ ತೆರೆದು, ಒಳಗೆ ಹೋಗದೆ, ಯಾವುದು ಯಾವ ವಿಷಯದ್ದೆಂದು ಗುರುತಿಸಲು ಪ್ರಯತ್ನಿಸಬೇಕೆಂದು ಕೇಳಿಕೊಳ್ಳುತ್ತೇನೆ.